ಮೇಣದಬತ್ತಿ ಕಟ್ಟಿದ ಹಸಿರು ಸೈಕಲ್ಲು

ನಮ್ಮ ಬುಕಾರೆಸ್ಟಿನಲ್ಲಿ ಕಾರು ಓಡಿಸುವವರಿಗೆ ಮೂರು ಕೈ ಇರಬೇಕಿತ್ತು. ಸ್ಟೇರಿಂಗಿಗೊಂದು, ಫೋನಿಗೊಂದು, ಚರ್ಚು ಕಂಡ ಕೂಡಲೇ ಶಿಲುಬೆ ಗುರುತು ಹಾಕಿಕೊಳ್ಳುವುದಕ್ಕೊಂದು. ಇರುವುದು ಎರಡೇ. ಫೋನನ್ನಂತೂ ಯಾರೂ ಬಿಡುವುದಿಲ್ಲ, ಹಾಗಾಗಿ ಚರ್ಚು ಎದುರಾದಾಗಲೆಲ್ಲ ಸ್ಟೇರಿಂಗು ಅನಾಥವಾಗುತ್ತದೆ. ಹಣೆ, ಹೊಟ್ಟೆ, ಬಲ ಭುಜ, ಎಡ ಭುಜ. ಹೀಗೆ ಮೂರು ಸಲ. ಅಷ್ಟು ಹೊತ್ತು ಕಾರು ತನಗೆ ತೋಚಿದ ಕಡೆ ವಾಲುತ್ತದೆ. ಅದಕ್ಕೆ ತೋಚುವುದು ಯಾವಾಗಲೂ ಬಲಗಡೆಯೇ. ನಮ್ಮಲ್ಲಿ ಓಡಾಟ ರಸ್ತೆಯ ಬಲಬದಿಗೆ, ಹಾಗಾಗಿ ಪಾಪದ ಸೈಕಲ್ಲಿನವರು ಅಲ್ಲೇ ಅಂಚಿನಲ್ಲಿ ಇರುತ್ತಾರೆ.

ವೆತೂರಿಯಾ ಇದನ್ನು ಕಲಿತದ್ದು ಸೈಕಲ್ ಹತ್ತಿದ ಮೊದಲ ವರ್ಷವೇ. ಒಬ್ಬ ಭಕ್ತ ಮುದುಕ ಶಿಲುಬೆ ಹಾಕಿಕೊಳ್ಳುತ್ತಾ ಅವಳನ್ನು ಚರ್ಚಿನ ಗುಲಾಬಿ ಪೊದೆಯೊಳಕ್ಕೆ ತಳ್ಳಿ, ಆಮೇಲೆ ಸಾವಕಾಶವಾಗಿ ಇಳಿದು ಬಂದು, “ನೋಡಿದ್ಯಾ ತಾಯಿ, ದೇವರೇ ಕಾಪಾಡಿದ” ಅಂದಿದ್ದ. ಮುಳ್ಳು ಕೀಳುತ್ತಾ ಕೂತ ವೆತೂರಿಯಾ ಆವತ್ತೇ ಒಂದು ಕಾಯಿದೆ ಮಾಡಿಕೊಂಡಳು. ಚರ್ಚಿನ ಮುಂದೆ ಯಾವ ಕಾರಿನ ಪಕ್ಕದಲ್ಲೂ ಇರಕೂಡದು. ಒಂದೋ ಮುಂದೆ ದಾಟಿಬಿಡಬೇಕು, ಇಲ್ಲವೋ ಹಿಂದೆ ನಿಲ್ಲಬೇಕು. ಅವಳಿಗೇನು ಭಕ್ತಿ ಕಡಿಮೆ ಇರಲಿಲ್ಲ. ಆದರೆ ಹ್ಯಾಂಡಲ್ ಬಿಡುವವಳಲ್ಲ. ಬಾಯೊಳಗೇ ನಾಲಿಗೆಯಲ್ಲಿ ಮೇಲೆ, ಕೆಳಗೆ, ಬಲಕ್ಕೆ, ಎಡಕ್ಕೆ ಎಂದು ಮೂರು ಶಿಲುಬೆ ಬರೆದುಕೊಂಡು ಪೆಡಲ್ ತುಳಿಯುತ್ತಿದ್ದಳು.

ಐವತ್ತೆಂಟರ ಈ ಹೆಂಗಸು ಪರದೆ ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ದ್ರುಮುಲ್ ತಾಬೆರೆಯ್ ಬಡಾವಣೆಯ ತನ್ನ ಮೂರನೇ ಮಹಡಿಯ ಮನೆಯಿಂದ ನದಿಯಾಚೆಯ ಅಂಗಡಿಗೆ ಏಳು ಕಿಲೋಮೀಟರು. ಹೋಗಲು ಏಳು, ಬರಲು ಏಳು, ಇಪ್ಪತ್ತಾರು ವರ್ಷದಿಂದ, ಅದೇ ಹಸಿರು ಪೆಗಾಸ್ ಸೈಕಲ್ಲಿನಲ್ಲಿ. ದಾರಿಯಲ್ಲಿ ಬಿಳಿ ಗೆರೆ ಎಳೆದ ಸೈಕಲ್ ಪಟ್ಟಿಯೂ ಇದೆ. ಕಾರಿನವರು ಅದನ್ನು ತಮ್ಮ ಮಾವ ಬರೆದುಕೊಟ್ಟ ಜಾಗ ಎಂದುಕೊಂಡು ಅಲ್ಲಿ ಸಾಲಾಗಿ ಕಾರು ನಿಲ್ಲಿಸಿರುತ್ತಾರೆ. ಯಾವ ಕಾರಿನ ಬಾಗಿಲು ಯಾವಾಗ ತೆರೆದುಕೊಳ್ಳುತ್ತದೆ, ಯಾವ ತಿರುವಿನಲ್ಲಿ ಬಸ್ಸಿನವನು ಕನ್ನಡಿ ನೋಡುವುದಿಲ್ಲ, ಎಲ್ಲಾ ಅವಳಿಗೆ ಬಾಯಿಪಾಠ. ಬಾಯಿ ಅಂದಮೇಲೆ ಹೇಳಲೇಬೇಕು, ಅದು ಸಣ್ಣ ಬಾಯಲ್ಲ. ಅಡ್ಡ ಬಂದ ಕಾರಿನವನ ಏಳು ತಲೆಮಾರನ್ನು ಒಂದೇ ಸಿಗ್ನಲ್ ಹೊತ್ತಿನಲ್ಲಿ ಮಾತಾಡಿಸಿ ಮುಗಿಸುತ್ತಿದ್ದಳು.

ಆದರೆ ಆ ವರ್ಷ ಏಪ್ರಿಲ್ ತಿಂಗಳಿಡೀ ಅವಳು ಯಾರನ್ನೂ ಬೈಯಲಿಲ್ಲ. ಸಿಗ್ನಲ್‌ಗಳಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದದ್ದು ನಿಜ. ಪಕ್ಕದ ಡ್ರೈವರುಗಳು ತಮ್ಮನ್ನೇ ಶಪಿಸುತ್ತಿದ್ದಾಳೆಂದು ಗಾಜು ಏರಿಸಿಕೊಳ್ಳುತ್ತಿದ್ದರು. ಅವಳು ಹೇಳಿಕೊಳ್ಳುತ್ತಿದ್ದುದು ಮಗುವಿನ ಜ್ಞಾನಸ್ನಾನದಲ್ಲಿ, ಅದನ್ನು ಎತ್ತಿಕೊಂಡು ಅದರ ಪರವಾಗಿ ಮಾತು ಕೊಡುವ ಜ್ಞಾನತಾಯಿ ತಪ್ಪಿಲ್ಲದೆ ಒಪ್ಪಿಸಬೇಕಾದ ವಿಶ್ವಾಸ ಪ್ರಮಾಣವನ್ನು. ಯಾಕೆಂದರೆ ವೆತೂರಿಯಾ ಜ್ಞಾನತಾಯಿಯಾಗುವವಳಿದ್ದಳು.

ಇದು ಅವಳ ಪಾಲಿಗೆ ಎಂಥ ದೊಡ್ಡ ಮಾತು ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ. ಈಸ್ಟರಿಗೆ ಸಿಹಿ ರೊಟ್ಟಿ ಹಿಡಿದುಕೊಂಡು ಬಾಗಿಲು ತಟ್ಟುವ ಜ್ಞಾನಮಕ್ಕಳು ಕಟ್ಟಡದ ಎಲ್ಲಾ ಮನೆಗೂ ಬರುತ್ತಿದ್ದರು, ಇವಳೊಬ್ಬಳ ಮನೆ ಬಿಟ್ಟು. ಐವತ್ತೆಂಟು ವರ್ಷದಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ಕೇಳಿದವಳು ಸ್ಮರಾಂಡಾ.

ಸ್ಮರಾಂಡಾ ಎದುರು ಮನೆಯ ಸಾಂಡಾಳ ಮಗಳು. ಸಾಂಡಾಳಿಗೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ, ಮಗುವನ್ನು ಶಾಲೆಗೆ ಬಿಡುವವರಿಲ್ಲ. ಹಾಗಾಗಿ ನಾಲ್ಕು ವರ್ಷ ಆ ಹುಡುಗಿ ಹಸಿರು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು, ವೆತೂರಿಯಾಳ ಕೋಟಿನ ಬೆಲ್ಟು ಹಿಡಿದು, ಶಾಲೆಗೆ ಹೋಗಿ ಬಂದಳು. ಸಂಜೆ ಬಾಗಿಲಲ್ಲಿ ಒಪ್ಪಿಸುವಾಗ ವೆತೂರಿಯಾ ದಿನಾ ಹೇಳುತ್ತಿದ್ದ ಮಾತು ಒಂದೇ: “ಎಣಿಸ್ಕೋ ಸಾಂಡಾ. ಎರಡು ಕೈ, ಎರಡು ಕಾಲು, ಒಂದು ಮೂಗು. ಕೊಟ್ಟಷ್ಟೂ ವಾಪಸ್.” ಸಾಂಡಾ ಮಗಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, “ಲೆಕ್ಕ ಸರಿಯಾಗಿದೆ. ನಾಳೆನೂ ನೀನೇ” ಅನ್ನುತ್ತಿದ್ದಳು.

ಸಾಂಡಾ ತೀರಿಕೊಂಡು ಆರು ವರ್ಷವಾಗಿತ್ತು. ಈಗ ಸ್ಮರಾಂಡಾಳಿಗೇ ಮಗು ಹುಟ್ಟಿತ್ತು, ಇಲಿಂಕಾ ಎಂಬ ಹೆಣ್ಣುಮಗು. “ಅತ್ತೆ, ಈ ಊರಿನ ಕಾರುಗಳ ಮಧ್ಯೆ ನನ್ನನ್ನ ನಾಲ್ಕು ವರ್ಷ ಒಂದು ಸಲಾನೂ ಬೀಳಿಸ್ಲಿಲ್ಲ ನೀವು. ನನ್ನ ಮಗೂನ ನಿಮ್ಮ ಕೈಗಲ್ದೆ ಇನ್ಯಾರ ಕೈಗೆ ಕೊಡ್ಲಿ?” ಎಂದು ಅವಳು ಕೇಳಿದಾಗ, ಬಾಯಿಗೆ ಹೆಸರಾದ ವೆತೂರಿಯಾ ಒಲೆಯ ಕಡೆ ತಿರುಗಿ ನಿಂತುಬಿಟ್ಟಿದ್ದಳು.

ತಕರಾರು ತೆಗೆದವನು ವಲೇರಿಯು, ಮಗುವಿನ ಅಪ್ಪನ ಚಿಕ್ಕಪ್ಪ. ಮೂರು ಜನ ಕೂರುವ ಜಾಗದಲ್ಲಿ ಒಬ್ಬನೇ ಕೂರುವ ಮನುಷ್ಯ, ಅವನ ಕರಿ ಜೀಪೂ ಹಾಗೇ. ತನ್ನ ಹೆಂಡತಿ ಒತೀಲಿಯಾಳೇ ಜ್ಞಾನತಾಯಿಯಾಗಬೇಕೆಂದು ಅವನು ಮೊದಲಿಂದಲೂ ಲೆಕ್ಕ ಹಾಕಿದ್ದ. ಜ್ಞಾನಸ್ನಾನಕ್ಕೆ ಎರಡು ವಾರ ಮುಂಚೆ ವೆತೂರಿಯಾಳ ಮನೆಯಲ್ಲಿ ಎಲ್ಲರೂ ಎಲೆಕೋಸಿನ ಸುರುಳಿ ತಿನ್ನುತ್ತಾ ಕೂತಿದ್ದಾಗ ಮಾತು ತೆಗೆದ.

“ಜ್ಞಾನತಾಯಿ ಅಂದ್ರೆ ಮನೆತನದ ಮರ್ಯಾದೆ. ಸೈಕಲ್ ತುಳ್ಕೊಂಡು, ಬೆವರು ಸುರಿಸ್ಕೊಂಡು ಬಂದ್ರೆ ನಾಲ್ಕು ಜನ ಏನಂದಾರು?”

“ಆ ನಾಲ್ಕು ಜನ ಇನ್ನೂ ಟ್ರಾಫಿಕ್ಕಲ್ಲೇ ಇರ್ತಾರೆ ಬಿಡಪ್ಪ, ನನ್ನನ್ನ ನೋಡೋಕೆ ಬಂದು ಮುಟ್ಟಲ್ಲ” ಅಂದಳು ವೆತೂರಿಯಾ.

“ತಮಾಷೆ ಅಲ್ಲ ವೆತೂರಿಯಮ್ಮ. ಶನಿವಾರ ಹನ್ನೊಂದಕ್ಕೆ ನಮ್ಮದು, ಹನ್ನೊಂದೂವರೆಗೆ ಇನ್ನೊಂದು ಮಗು. ಪಾದ್ರಿ ಯಾರಿಗೂ ಕಾಯೋ ಪೈಕಿ ಅಲ್ಲ. ನೀವು ಬರ್ಲಿಲ್ಲ ಅಂದ್ರೆ ಒತೀಲಿಯಾ ನಿಂತ್ಕೋತಾಳೆ, ಅಷ್ಟೆ. ಬೇಡ, ನಾನೇ ಹತ್ತು ಗಂಟೆಗೆ ಜೀಪು ತರ್ತೀನಿ. ಆ ಬಟ್ಟೆ ಚೀಲಾನೂ ಈಗ್ಲೇ ಕೊಟ್ಬಿಡಿ, ಸೈಕಲ್ಲಲ್ಲಿ ಬಿದ್ದುಗಿದ್ದು ಹೋದೀತು.”

ಆ ಚೀಲದಲ್ಲಿ ಎಣ್ಣೆ ಬಾಟಲಿ, ಸೋಪು, ಟವೆಲು, ಜೊತೆಗೆ ನೀರಿನಿಂದೆತ್ತಿದ ಮಗುವನ್ನು ಸುತ್ತುವ ಬಿಳಿ ಬಟ್ಟೆ ಇದ್ದವು. ಬಟ್ಟೆಯ ಅಂಚನ್ನು ವೆತೂರಿಯಾ ಕೈಯಲ್ಲೇ ಹೊಲಿದಿದ್ದಳು. ಕೊಡಲು ಮನಸ್ಸಿರಲಿಲ್ಲ. ಆದರೆ ಸ್ಮರಾಂಡಾ ಮೇಜಿನಾಚೆಯಿಂದ, ಜಗಳ ಬೇಡ ಅತ್ತೆ ಎಂಬಂತೆ ನೋಡಿದಳು. ಕೊಟ್ಟಳು.

ಶನಿವಾರ ಬಂತು. ವೆತೂರಿಯಾ ನೀಲಿ ಉಡುಪು ಉಟ್ಟು, ಕೂದಲು ಎತ್ತಿ ಕಟ್ಟಿ, ಚರ್ಚಿನಲ್ಲಿ ಜ್ಞಾನತಾಯಿ ಹಿಡಿಯಬೇಕಾದ, ತನ್ನೆದೆಯೆತ್ತರದ ಮೇಣದಬತ್ತಿ ಹಿಡಿದು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಕಟ್ಟಡದ ಬಾಗಿಲಿಗೆ ಬಂದು ನಿಂತಳು. ಬತ್ತಿಯ ತುಂಬಾ ಬಿಳಿ ಹೂವು, ಗುಲಾಬಿ ಬಣ್ಣದ ರಿಬ್ಬನ್ನು. ಹತ್ತಾಯಿತು, ಹತ್ತೂ ಹತ್ತಾಯಿತು. ಫೋನ್ ಮಾಡಿದಳು.

“ಐದೇ ನಿಮಿಷ ವೆತೂರಿಯಮ್ಮ, ಬಂದ್ಬಿಟ್ಟೆ” ಅಂದ ವಲೇರಿಯು.

ಹತ್ತೂಕಾಲಿಗೆ ಮತ್ತೆ ಐದೇ ನಿಮಿಷ. ಹತ್ತೂ ಇಪ್ಪತ್ತಕ್ಕೆ, “ನಿಮ್ಮ ಬೀದಿ ತಿರುವಲ್ಲೇ ಇದೀನಿ, ಸಿಗ್ನಲ್ ಬಿಟ್ರೆ ಆಯ್ತು.” ವೆತೂರಿಯಾ ತಿರುವಿನವರೆಗೂ ನಡೆದು ಹೋಗಿ ನೋಡಿದಳು. ಒಂದು ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ.

ಇನ್ನು ಕಾಯುವುದಿಲ್ಲ ಎಂದುಕೊಂಡಳು. ಓಡಿದಳು. ನೆಲಮಾಳಿಗೆಯಿಂದ ಸೈಕಲ್ ಎತ್ತಿ ತಂದಳು. ಕೈಚೀಲದಲ್ಲಿ ಸದಾ ಇರುವ ಪರದೆ ಕ್ಲಿಪ್ಪುಗಳಿಂದ ಉಡುಪಿನ ಅಂಚನ್ನು ಮಂಡಿಗೆ ಎತ್ತಿ ಸಿಕ್ಕಿಸಿದಳು. ಪರದೆ ಕಟ್ಟುವ ಪಟ್ಟಿಯಿಂದ ಮೇಣದಬತ್ತಿಯನ್ನು ಹ್ಯಾಂಡಲಿಗೂ ಮುಂದಿನ ದೀಪದ ಕಂಬಿಗೂ ಬಿಗಿದಳು. ಹೂವಿನ ತುದಿ ಚಕ್ರದ ಮುಂದಕ್ಕೆ ಒಂದು ಮೊಳ ಚಾಚಿಕೊಂಡಿತು. ಹತ್ತೂ ಇಪ್ಪತ್ತಾರಕ್ಕೆ ಪೆಡಲ್ ಮೇಲೆ ಕಾಲಿಟ್ಟಳು. ಏಳು ಕಿಲೋಮೀಟರು, ದಾರಿಯಲ್ಲಿ ಎರಡು ಚರ್ಚು, ಮೂರನೆಯದರಲ್ಲಿ ಮಗು.

ಬೀದಿ ತುಂಬಾ ಕಾರುಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ನಿಂತಿದ್ದವು. ಎಲ್ಲರೂ ಹಾರನ್ ಒತ್ತುತ್ತಿದ್ದರು, ಒಬ್ಬರೂ ಒಂದಡಿ ಸರಿಯುತ್ತಿರಲಿಲ್ಲ. ವೆತೂರಿಯಾ ಮಾತ್ರ ಸೂಜಿಯೊಳಗೆ ದಾರ ಪೋಣಿಸುವವಳಲ್ಲವೇ, ನುಗ್ಗಿದಳು. ಬಸ್ಸಿನ ಹಿಂದೆ, ಲಾರಿಯ ಮುಂದೆ, ಕಸದ ಡಬ್ಬಿಗಳ ಪಕ್ಕ. ಜನ ಕಾರಿನಿಂದ ತಲೆ ಹಾಕಿ ಹೂ ಮುಡಿದ ಸೈಕಲ್ಲನ್ನು ನೋಡಿದರು. “ಮದುವೆನಾ ಅಮ್ಮಾ?” ಎಂದು ಒಬ್ಬ ಕೂಗಿದ. “ಆಗಿದ್ರೆ ನಿನ್ನನ್ನೂ ಕರೀತಿದ್ದೆ, ದಾರಿ ಬಿಡು” ಅಂದಳು. ತಿಂಗಳಿನ ಉಪವಾಸ ಮುರಿಯಿತು, ಬಾಯಿಗೂ ಹುರುಪು ಬಂತು. ಮೊದಲ ಚರ್ಚಿನ ಮುಂದೆ ನಿಂತ ಸಾಲಿನಲ್ಲಿ ಕೈಗಳು ಹಣೆಗೆ ಏಳುವ ಮುಂಚೆಯೇ ದಾಟಿದಳು, ನಾಲಿಗೆಯಲ್ಲಿ ಮೂರು ಶಿಲುಬೆ ಬರೆದಳು. ಸಂತೋಷವಾಗುತ್ತಿತ್ತು. ಸುಳ್ಳೇಕೆ, ಹಾಡಿಕೊಳ್ಳುವಷ್ಟು ಸಂತೋಷ.

ಆ ಸಂತೋಷದಲ್ಲಿರುವಾಗಲೇ ನಿಂತಿದ್ದ ಒಂದು ಬಿಳಿ ವ್ಯಾನಿನ ಬಾಗಿಲು ಫಟಾರನೆ ತೆರೆದುಕೊಂಡಿತು. ವೆತೂರಿಯಾ ಹ್ಯಾಂಡಲನ್ನು ಎಡಕ್ಕೆ ಎಳೆದಳು. ತಾನು ಉಳಿದಳು, ಸೈಕಲ್ಲೂ ಉಳಿಯಿತು, ಮುಂದಕ್ಕೆ ಚಾಚಿದ್ದ ಮೇಣದಬತ್ತಿ ಬಾಗಿಲಿಗೆ ಬಡಿದು ನಡುವಿಗೆ ಮುರಿಯಿತು. ಒಳಗಿನ ದಾರವೊಂದೇ ಎರಡು ತುಂಡನ್ನು ಹಿಡಿದುಕೊಂಡಿತ್ತು.

“ನೋಡ್ಕೊಂಡು ಬರ್ಬಾರ್ದಾ?” ಅಂದ ವ್ಯಾನಿನವನು, ಫೋನು ಇನ್ನೂ ಕಿವಿಯಲ್ಲೇ.

ಅವನಿಗೆ ಕೊಡಬೇಕಾದದ್ದನ್ನು ಕೊಡಲು ಎರಡು ಸಿಗ್ನಲ್ ಹೊತ್ತು ಬೇಕಿತ್ತು, ಅವಳ ಹತ್ತಿರ ಅದಿರಲಿಲ್ಲ. ಗಂಟೆ ಹತ್ತೂ ಮೂವತ್ತೆಂಟು. ಕಣ್ಣಲ್ಲಿ ನೀರು ಬಂದರೂ ತುಳಿದಳು.

ದಿಂಬೊವಿತ್ಸಾ ನದಿಯ ಸೇತುವೆ ಮೇಲೆ ಕರಿ ಜೀಪು ಕಂಡಿತು. ಮುಖ ಚರ್ಚಿನ ಕಡೆಗೆ. ಅವಳ ಬೀದಿಯ ತಿರುವಿನಿಂದ ಸರಿಯಾಗಿ ನಾಲ್ಕು ಕಿಲೋಮೀಟರು ದೂರ. ಪಕ್ಕಕ್ಕೆ ಹೋಗಿ ಗಾಜು ತಟ್ಟಿದಳು. ವಲೇರಿಯು ಬೆಚ್ಚಿ ಗಾಜು ಇಳಿಸಿದ.

“ನಮ್ಮ ಬೀದಿ ತಿರುವು ಇಲ್ಲಿಗೆ ಯಾವಾಗ ಬಂತಪ್ಪ?”

“ಅದು, ವೆತೂರಿಯಮ್ಮ, ಟ್ರಾಫಿಕ್ ನೋಡಿದ್ರಲ್ಲ… ಮಗು ಕಾಯ್ಬಾರ್ದು ಅಂತ…”

ಪಕ್ಕದ ಸೀಟಿನಲ್ಲಿ ಹಸಿರು ರೇಷ್ಮೆ ಉಟ್ಟ ಒತೀಲಿಯಾ ಏನನ್ನೋ ಶಾಲಿನ ಕೆಳಗೆ ತಳ್ಳುತ್ತಿದ್ದಳು. ಅಷ್ಟುದ್ದದ್ದು ಶಾಲಿನ ಕೆಳಗೆ ಅಡಗುತ್ತದೆಯೇ? ಇನ್ನೊಂದು ಮೇಣದಬತ್ತಿ, ಹೊಸದು, ಇಡಿಯದು. ಕಾಲ ಬಳಿ ವೆತೂರಿಯಾಳ ಚೀಲ.

ವೆತೂರಿಯಾಳಿಗೆ ಎಲ್ಲಾ ಅರ್ಥವಾಯಿತು. ಚೀಲ ಇಸಿದುಕೊಂಡ ದಿನವೇ ಯೋಚಿಸಿಟ್ಟು ಮಾಡಿದ ಕೆಲಸ ಇದು. ಅವಮಾನದಿಂದ ಅವಳ ಕಿವಿ ಬಿಸಿಯಾದವು. “ಚೀಲ ಕೊಡು” ಅಂದಳು. ಅಷ್ಟರಲ್ಲಿ ಸಾಲು ಜರುಗಿತು, ವಲೇರಿಯು ಗಾಜು ಏರಿಸಿ ಜೀಪು ಹೊರಡಿಸಿದ.

ಇನ್ನು ಮಾತಿಲ್ಲ. ಜೀಪು ಮೊದಲು ಮುಟ್ಟಿದರೆ ಮಗು ಒತೀಲಿಯಾಳ ಕೈಗೆ, ಸೈಕಲ್ಲು ಮುಟ್ಟಿದರೆ ಇವಳ ಕೈಗೆ. ಜೀಪು ಹತ್ತು ಮಾರು ಹೋಗಿ ನಿಲ್ಲುವುದು, ಇವಳು ಹಿಡಿಯುವುದು. ಜೀಪು ಮತ್ತೆ ನುಗ್ಗುವುದು, ಇವಳು ಮತ್ತೆ ಹಿಡಿಯುವುದು. ಹೀಗೆ ಕೆಂಪು ಇಟ್ಟಿಗೆಯ ಚರ್ಚಿನವರೆಗೂ ಬಂದರು. ಅಲ್ಲಿ ರಸ್ತೆ ಕಿರಿದು. ಜೀಪಿಗೂ ಬಲಗಡೆ ನಿಲ್ಲಿಸಿದ್ದ ಕಾರುಗಳಿಗೂ ನಡುವೆ ಒಂದು ಸೈಕಲ್ಲಿನಷ್ಟು ಸಂದಿ. ನುಗ್ಗಿದರೆ ಜೀಪು, ಅದರ ಮುಂದಿನ ಟ್ಯಾಕ್ಸಿ ಎರಡನ್ನೂ ದಾಟಿ ಖಾಲಿ ರಸ್ತೆ, ಆಮೇಲೆ ಅವಳನ್ನು ಹಿಡಿಯುವವರಿಲ್ಲ. ನುಗ್ಗು, ನುಗ್ಗು ಎನ್ನುತ್ತಿತ್ತು ಕಾಲು. ಮುಂಚಕ್ರ ಸಂದಿಗೆ ಹೊಕ್ಕಿತ್ತು.

ಅಷ್ಟರಲ್ಲಿ ಜೀಪಿನ ಕನ್ನಡಿಯಲ್ಲಿ ಅವಳು ವಲೇರಿಯುವಿನ ಬಲಗೈ ನೋಡಿದಳು. ಅದು ಸ್ಟೇರಿಂಗ್ ಬಿಟ್ಟು ಮೇಲಕ್ಕೇಳುತ್ತಿತ್ತು, ಮೂರು ಬೆರಳು ಜೋಡಿಸಿಕೊಂಡು.

ಎರಡೂ ಬ್ರೇಕು ಹಿಡಿದಳು. ಹಣೆ, ಹೊಟ್ಟೆ. ಜೀಪು ತಾನೇ ತಾನಾಗಿ ಬಲಕ್ಕೆ ಹೊರಳಿ ಆ ಸಂದಿಯನ್ನು ಪೂರ್ತಿ ನುಂಗಿತು, ನಿಂತಿದ್ದ ಕಾರೊಂದರ ಕನ್ನಡಿ ಕಿತ್ತಿತು, ಹಾಗೇ ಮುಂದೆ ಜಾರಿ ಆ ಟ್ಯಾಕ್ಸಿಯ ಹಿಂಭಾಗಕ್ಕೆ ಧಡಾರನೆ ಗುದ್ದಿ ನಿಂತಿತು. ವೆತೂರಿಯಾ ಹಿಂದೆ, ಒಂದು ಮಾರು ದೂರದಲ್ಲಿ, ನೆಲಕ್ಕೆ ಕಾಲೂರಿ ನಿಂತಿದ್ದಳು.

ಟ್ಯಾಕ್ಸಿಯವನು ಇಳಿದು ಬಂದ. “ಕಣ್ಣು ಎಲ್ಲಿಟ್ಟಿದ್ದೆ?”

“ಚರ್ಚ್ ಬಂತಲ್ಲ” ಅಂದ ವಲೇರಿಯು.

“ಚರ್ಚು ನೂರು ವರ್ಷದಿಂದ ಅಲ್ಲೇ ಇದೆ, ಎಲ್ಲಿಂದ ಬರುತ್ತೆ?” ಎಂದ ಟ್ಯಾಕ್ಸಿಯವನು. ಹಾಗೆ ಬೈಯುವಾಗಲೂ ಚರ್ಚಿನ ಕಡೆ ತಿರುಗಿ ತನ್ನ ಅರ್ಧಕ್ಕೆ ನಿಂತಿದ್ದ ಮೂರನೇ ಶಿಲುಬೆಯನ್ನು ಮುಗಿಸಿಕೊಂಡ. ಆಮೇಲೆ ಇಬ್ಬರೂ ಅಂಗಿಯ ತೋಳು ಮಡಿಸಿಕೊಂಡು ಶುರುಹಚ್ಚಿಕೊಂಡರು. ಅದು ಅರ್ಧ ಗಂಟೆಯಲ್ಲಿ ಮುಗಿಯುವ ಮಾತಾಗಿರಲಿಲ್ಲ.

ಒತೀಲಿಯಾ ಚೀಲ, ಮೇಣದಬತ್ತಿ ಎರಡನ್ನೂ ತಬ್ಬಿಕೊಂಡು ಇಳಿದಳು. ಗಂಟೆ ಹತ್ತೂ ನಲವತ್ತೇಳು. ಇನ್ನೂ ಎರಡು ಕಿಲೋಮೀಟರು. ಕಾಲಲ್ಲಿ ಗೇಣುದ್ದ ಹಿಮ್ಮಡಿಯ ಚಪ್ಪಲಿ. “ಒಂದು ಟ್ಯಾಕ್ಸಿ…” ಅಂದಳು ಅತ್ತಿತ್ತ ನೋಡುತ್ತಾ.

“ಇದ್ದ ಒಂದಕ್ಕೆ ನಿಮ್ಮವರು ಗುದ್ದಿದಾರಲ್ಲ” ಅಂದಳು ವೆತೂರಿಯಾ. “ಚೀಲ ಕೊಡಿ.”

“ಚೀಲ ನಾನಿರೋ ಕಡೆ ಇರುತ್ತೆ.”

ಕಿತ್ತುಕೊಳ್ಳಬಹುದಿತ್ತು. ಆದರೆ ಮಗುವಿನ ಬಟ್ಟೆಯನ್ನು ಬೀದಿಯಲ್ಲಿ ಕಿತ್ತಾಡುವುದೇ? ಅದು ಬಿಟ್ಟು ಹೋದರೆ ಮಗುವನ್ನು ಸುತ್ತುವುದು ಯಾವುದರಲ್ಲಿ? ವೆತೂರಿಯಾ ಕ್ಯಾರಿಯರ್ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು. “ಹಾಗಾದ್ರೆ ಹತ್ತಿ.”

“ನಾನಾ? ಇದರ ಮೇಲಾ?”

“ಪಾದ್ರಿ ಕಾಯೋ ಪೈಕಿ ಅಲ್ಲವಂತೆ. ಹತ್ತಿ.”

ಒತೀಲಿಯಾ ಗಂಡನ ಕಡೆ ನೋಡಿದಳು. ಗಂಡ ಬಂಪರ್ ಬಗ್ಗೆ ಭಾಷಣ ಮಾಡುತ್ತಿದ್ದ. ಹತ್ತಿದಳು.

ಅಯ್ಯೋ, ಆ ಎರಡು ಕಿಲೋಮೀಟರು. ಒತೀಲಿಯಾಳದು ತುಂಬಿದ ಮೈ, ಹಳೇ ಟೈರು ನೆಲಕ್ಕೆ ಕೂತಿತು. ವೆತೂರಿಯಾ ಸೀಟಿನಿಂದೆದ್ದು ನಿಂತು ತುಳಿದಳು. ಮೊದಮೊದಲು ಒತೀಲಿಯಾ ಚೀಲ, ಬತ್ತಿ ಎರಡನ್ನೂ ಮಡಿಲಲ್ಲಿ ಅವುಚಿಕೊಂಡು ಸೀಟಿನ ಕಂಬಿಯನ್ನು ಎರಡು ಬೆರಳಲ್ಲಿ ಹಿಡಿದಿದ್ದಳು. ಒಂದು ಬಸ್ಸಿನ ಕನ್ನಡಿ ತಲೆ ಮೇಲೆ ಹಾದುಹೋದ ಮೇಲೆ ವೆತೂರಿಯಾಳ ಸೊಂಟವನ್ನೇ ತಬ್ಬಿಕೊಂಡಳು.

“ಇದಕ್ಕೆ ಬ್ರೇಕ್ ಇದೆಯಾ?”

“ಇದಕ್ಕಿದೆ. ಅವರಿಗಿಲ್ಲ.”

ಒಬ್ಬ ಫೋನಿನಲ್ಲಿ ನಗುತ್ತಾ ತನ್ನ ಕಾರನ್ನು ಒತೀಲಿಯಾಳ ಮಂಡಿಯವರೆಗೂ ತಂದ. ಅವಳು ಕಿರುಚಲೂ ಆಗದೆ ಉಸಿರು ಬಿಗಿ ಹಿಡಿದಳು. “ಇವರಿಗೆ ನಾವು ಕಾಣಿಸ್ತಾ ಇಲ್ವಾ, ಅಕ್ಕಾ?”

“ಇಪ್ಪತ್ತಾರು ವರ್ಷದಿಂದ ನಾನೂ ಅದನ್ನೇ ಕೇಳ್ತಿದೀನಿ.”

ಇನ್ನೊಂದು ತಿರುವು ದಾಟಿದ ಮೇಲೆ ಒತೀಲಿಯಾ ಸಣ್ಣ ದನಿಯಲ್ಲಿ, “ನಮ್ಮವರೂ ಹೀಗೇ ಓಡಿಸ್ತಾರಾ?”

“ಈಗ ತಾನೇ ನೋಡಿದ್ರಲ್ಲ.”

ಮುಂದಿನ ಸಿಗ್ನಲ್‌ನಲ್ಲಿ ಇನ್ನೊಬ್ಬ ಕಾರಿನವನು ಇವರ ಸೈಕಲ್ಲನ್ನು ಫುಟ್‌ಪಾತಿನ ಕಲ್ಲಂಚಿಗೆ ಒತ್ತುತ್ತಾ ಬಂದ. ವೆತೂರಿಯಾ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಟಪ್ ಎಂದು ಸದ್ದಾಯಿತು. ಒತೀಲಿಯಾ ಕಾಲಿನಿಂದ ಚಪ್ಪಲಿ ಕಳಚಿ ಅವನ ಕಾರಿನ ನೆತ್ತಿಗೆ ಕುಟ್ಟಿದ್ದಳು. “ಮನುಷ್ಯರಿದೀವಿ ಇಲ್ಲಿ! ನಿಮ್ಮಪ್ಪ ಲೈಸೆನ್ಸ್ ಕೊಡಿಸಿದ್ನೋ, ಬೊಂಬೆ ಅಂಗಡೀಲಿ ಸಿಕ್ತೋ?” ಅಂದಮೇಲೆ ಇನ್ನೂ ನಾಲ್ಕು ಮಾತು ಅಂದಳು, ಅವು ಅಚ್ಚಿಗೆ ಬರುವಂಥವಲ್ಲ. ಕಾರು ಹಿಂದೆ ಸರಿಯಿತು. ವೆತೂರಿಯಾಳಿಗೆ ನಗು ತಡೆಯಲಾಗಲಿಲ್ಲ, ಹಿಂದಿನವಳಿಗೂ ನಗು ಹತ್ತಿತು, ಸೈಕಲ್ಲು ತೂರಾಡಿತು. ಇಬ್ಬರೂ ಹಾಗೆ ನಗುತ್ತಲೇ ಕಡೆಯ ಏರು ಹತ್ತಿದರು. ಚಪ್ಪಲಿ ಯಾವ ಸಿಗ್ನಲ್‌ನಲ್ಲಿ ಬಿತ್ತೋ ಗೊತ್ತಾಗಲಿಲ್ಲ.

ಹನ್ನೊಂದಕ್ಕೆ ಎರಡು ನಿಮಿಷ ಇತ್ತು. ಪಾದ್ರಿ ಚರ್ಚಿನ ಬಾಗಿಲಲ್ಲಿ ಗಡಿಯಾರ ನೋಡುತ್ತಾ ನಿಂತಿದ್ದರು. ಪಕ್ಕದಲ್ಲಿ ಮಗು ಎತ್ತಿಕೊಂಡ ಸ್ಮರಾಂಡಾ, ಸುತ್ತ ನೆಂಟರು. ವೆತೂರಿಯಾ ಇಳಿದಳು. ಕೂದಲು ಬಿಚ್ಚಿ ಮುಖದ ಮೇಲೆ, ನೀಲಿ ಉಡುಪಿಗೆ ಚೈನಿನ ಕರಿ, ಕೈಯಲ್ಲಿ ನಡು ಮುರಿದು ಜೋತುಬಿದ್ದ ಮೇಣದಬತ್ತಿ. ಹಿಂದೆಯೇ ಇಳಿದ ಒತೀಲಿಯಾಳಿಗೆ ಒಂದು ಕಾಲಲ್ಲಿ ಚಪ್ಪಲಿ ಇಲ್ಲ, ಆದರೆ ಕೈಯಲ್ಲಿ ಇಡೀ ಬತ್ತಿ, ಬಿಳಿ ಬಟ್ಟೆಯ ಚೀಲ.

ಪಾದ್ರಿ ಇಬ್ಬರನ್ನೂ ನೋಡಿದರು. “ಜ್ಞಾನತಾಯಿ ಯಾರು?”

ನೆಂಟರೆಲ್ಲ ಒತೀಲಿಯಾಳ ಕಡೆ ನೋಡಿದರು. ವೆತೂರಿಯಾ ತನ್ನ ಮುರಿದ ಬತ್ತಿಯನ್ನು ನೋಡಿಕೊಂಡಳು. ಮುರಿದ ಬತ್ತಿ ಹಿಡಿದು ಮಗುವಿನ ಮುಂದೆ ನಿಲ್ಲುವುದು ಹೇಗೆ?

“ನನ್ನನ್ಯಾಕೆ ನೋಡ್ತೀರಿ?” ಅಂದಳು ಒತೀಲಿಯಾ. “ಅವರು, ಫಾದರ್. ನಾನು ಬರೀ ಕ್ಯಾರಿಯರ್ ಮೇಲೆ ಬಂದವಳು.” ಹಾಗೆನ್ನುತ್ತಾ ಇಡೀ ಬತ್ತಿಯನ್ನು ವೆತೂರಿಯಾಳ ಕೈಗಿಟ್ಟು, ಮುರಿದದ್ದನ್ನು ತಾನು ತೆಗೆದುಕೊಂಡಳು.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. ತಾಯಿ ರೂಢಿಯಂತೆ ಬಾಗಿಲ ಬಳಿ ಉಳಿದಳು, ವೆತೂರಿಯಾ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಸೈತಾನನನ್ನು ತೊರೆಯುತ್ತೀಯಾ ಎಂದು ಪಾದ್ರಿ ಮೂರು ಸಲ ಕೇಳಿದಾಗ, ಬಿಳಿ ವ್ಯಾನಿನವನನ್ನು ನೆನೆಸಿಕೊಂಡು ಮೂರು ಸಲವೂ ಗಟ್ಟಿಯಾಗಿ ತೊರೆದಳು. ವಿಶ್ವಾಸ ಪ್ರಮಾಣ ನೀರಿನಂತೆ ಹರಿಯಿತು. ನಡುವೆ ಎರಡು ಕಡೆ ಮಾತ್ರ, ತಿಂಗಳಿಡೀ ಸಿಗ್ನಲ್ಲಿನ ಹಸಿರು ದೀಪ ಬಂದು ಮಾತು ತುಂಡಾಗುತ್ತಿದ್ದ ಜಾಗದಲ್ಲಿ, ತಾನಾಗೇ ನಿಂತು ಎಡಬಲ ನೋಡಿದಳು. ಪಾದ್ರಿ ಕೆಮ್ಮಿದರು, ಮತ್ತೆ ಹೊರಟಳು. ಮಗು ಮೂರು ಸಲ ನೀರಿಗೆ ಮುಳುಗಿ, ಮೂರು ಸಲ ಚರ್ಚು ಹಾರುವಂತೆ ಕೂಗಿತು. ವೆತೂರಿಯಾ ಅದನ್ನು ಕೈಹೊಲಿಗೆಯ ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡಳು.

ಬಾಗಿಲ ಬಳಿ ಸ್ಮರಾಂಡಾ ಕೈ ಚಾಚಿ ನಿಂತಿದ್ದಳು. ಮಗುವನ್ನು ತಾಯಿಗೆ ಒಪ್ಪಿಸುವಾಗ ಜ್ಞಾನತಾಯಿ ಹೇಳಬೇಕಾದ ಹಳೇ ಮಾತೊಂದಿದೆ. ಮುದುಕಿಯರೆಲ್ಲ ಅದನ್ನು ಕೇಳಲು ಮುಂದೆ ಬಗ್ಗಿದರು. ವೆತೂರಿಯಾಳಿಗೆ ಆ ಮಾತು ಮರೆತೇಹೋಯಿತು. ಎಷ್ಟು ಯೋಚಿಸಿದರೂ ಬರಲಿಲ್ಲ. ಬಾಯಿಗೆ ಬಂದದ್ದು ಬೇರೆ.

“ಎಣಿಸ್ಕೋ” ಅಂದಳು. “ಎರಡು ಕೈ, ಎರಡು ಕಾಲು, ಒಂದು ಮೂಗು. ಕೊಟ್ಟಷ್ಟೂ ವಾಪಸ್.”

ಮುದುಕಿಯರು ಮುಖ ಮುಖ ನೋಡಿಕೊಂಡರು. ಸ್ಮರಾಂಡಾ ಬಿಳಿ ಬಟ್ಟೆ ಸರಿಸಿ, ಇಲಿಂಕಾಳ ಒದ್ದೆ ಬೆರಳುಗಳನ್ನು ಒಂದೊಂದಾಗಿ ಮುಟ್ಟತೊಡಗಿದಳು. ಹತ್ತನೇ ಬೆರಳಿಗೆ ಬರುವಷ್ಟರಲ್ಲಿ ಅವಳ ಕೆನ್ನೆಯೂ ಒದ್ದೆಯಾಗಿತ್ತು.

“ಲೆಕ್ಕ ಸರಿಯಾಗಿದೆ, ಅತ್ತೆ” ಅಂದಳು. “ನಾಳೆನೂ ನೀವೇ.”